ಹದಿನಾರು ಮಾತ್ರೆಯ ಒಂದು ಪದ



ಇಂದಿನ ನನ್ನ ಮಾತಿಗೆ ವಸ್ತು ಒಂದೇ ಒಂದು ಪದ. ಅದು ಕನ್ನಡದ ಪದವಲ್ಲ, ಇಂಗ್ಲಿಷಿನದು. ಅಲ್ಲಿಯೂ ಮನೆಮಾತಿನದಲ್ಲ, ವೈದ್ಯವಿಜ್ಞಾನದ ಬರಹಗಳಲ್ಲಿ ಮಾತ್ರ ಕಾಣಸಿಗುವಂಥದು. ‘ಎಲೆಕ್ಟ್ರೋಎನ್‌ಸೆಫಲೋಗ್ರಾಫಿಕಲಿ’ ಎಂಬುದು ಆ ಪದ. ಒಂದೇ ಉಸಿರಿಗೆ ಹಿಡಿಯಲಾಗದವರಿಗಾಗಿ ಮೂರು ತುಂಡು ಮಾಡಿ ಹೇಳುತ್ತೇನೆ: ಎಲೆಕ್ಟ್ರೋ, ಎನ್‌ಸೆಫಲೋ, ಗ್ರಾಫಿಕಲಿ. ಇಂಗ್ಲಿಷ್ ವರ್ಣಮಾಲೆಯಲ್ಲಿ ಇರುವುದೇ ೨೬ ಅಕ್ಷರ. ಈ ಒಂದು ಪದವನ್ನು ಬರೆಯುವುದಕ್ಕೆ ೨೭ ಅಕ್ಷರ ಬೇಕು.

ಇಂಥ ಪದ ಎದುರಾದಾಗ ಓದುಗರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಕೆಲವರು ಕಣ್ಣು ಜಾರಿಸಿ ಮುಂದಿನ ಸಾಲಿಗೆ ಹೋಗುತ್ತಾರೆ. ಕೆಲವರು ಅರ್ಥ ತಿಳಿಯದಿದ್ದರೂ ಅದಕ್ಕೆ ಕೈಮುಗಿಯುತ್ತಾರೆ. ಇಷ್ಟು ಉದ್ದದ ಮಾತು ಏನೋ ದೊಡ್ಡದನ್ನೇ ಹೇಳುತ್ತಿರಬೇಕು ಎಂದು ನಂಬುತ್ತಾರೆ. ಎರಡೂ ಸರಿಯಲ್ಲವೆಂಬುದು ನನ್ನ ಎಣಿಕೆ. ಸಮಾಸಗಳನ್ನು ಬಿಡಿಸಿ ವಿಗ್ರಹವಾಕ್ಯ ಹೇಳುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪಂಪನ ಒಂದು ದೀರ್ಘಸಮಾಸವನ್ನು ಬಿಡಿಸಬಲ್ಲವನಿಗೆ ಈ ಇಂಗ್ಲಿಷ್ ಪದ ಹೊಸ ಬಗೆಯ ಕಷ್ಟವೇನನ್ನೂ ಒಡ್ಡುವುದಿಲ್ಲ.

ಮೊದಲಿನಿಂದ ಬಿಡಿಸುತ್ತಾ ಹೋಗೋಣ. ‘ಎಲೆಕ್ಟ್ರೋ’ ಎಂಬುದರ ಬೇರು ಗ್ರೀಕಿನ ‘ಎಲೆಕ್ಟ್ರಾನ್’. ಅದು ಅಂಬರ್ ಎಂಬ ವಸ್ತುವಿನ ಹೆಸರು. ಬಹು ಹಿಂದಿನ ಕಾಲದ ಮರಗಳ ಅಂಟು ಗಟ್ಟಿಯಾಗಿ ಕಲ್ಲಿನಂತಾದದ್ದೇ ಅಂಬರ್. ಅದನ್ನು ಬಟ್ಟೆಯಿಂದ ಉಜ್ಜಿದರೆ ಹುಲ್ಲಿನ ಚೂರನ್ನೋ ಹಗುರವಾದ ಗರಿಯನ್ನೋ ತನ್ನತ್ತ ಸೆಳೆಯುತ್ತದೆ. ಪಾರಸಿಯಲ್ಲಿ ಇದೇ ವಸ್ತುವಿಗೆ ‘ಕಾಹ್‌ರುಬಾ’ ಎಂದು ಹೆಸರು. ಹುಲ್ಲನ್ನು ಕದಿಯುವುದು ಎಂದು ಅದರ ಅರ್ಥ. ಇಂದು ಅರಬ್ಬೀ ಭಾಷೆಯಲ್ಲಿ ವಿದ್ಯುತ್ತಿಗೆ ಇರುವ ಹೆಸರು ಆ ಪಾರಸಿ ಪದದಿಂದಲೇ ಬಂದದ್ದು. ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ ೧೬೦೦ರಲ್ಲಿ ಪ್ರಕಟಿಸಿದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಈ ಸೆಳೆತಕ್ಕೆ ಅಂಬರಿನ ಗ್ರೀಕ್ ಹೆಸರಿನಿಂದ ಒಂದು ವಿಶೇಷಣವನ್ನು ಕಟ್ಟಿದ. ವಿದ್ಯುಚ್ಛಕ್ತಿಯ ಇಂಗ್ಲಿಷ್ ಹೆಸರು ಅಲ್ಲಿಂದ ಬೆಳೆಯಿತು. ಅವರು ಆ ಶಕ್ತಿಯನ್ನು ಕೈಯಲ್ಲಿ ಉಜ್ಜಿದ ಮಣಿಯಿಂದ ಗುರುತಿಸಿದರು. ನಾವು ಆಕಾಶದ ಮಿಂಚಿನಿಂದ ಗುರುತಿಸಿ ವಿದ್ಯುತ್ ಎಂದೆವು.

ಎರಡನೆಯ ತುಂಡು ‘ಎನ್‌ಸೆಫಲೋ’. ‘ಎನ್’ ಎಂದರೆ ಒಳಗೆ, ‘ಕೆಫಲೇ’ ಎಂದರೆ ತಲೆ. ತಲೆಯೊಳಗಿರುವುದು, ಅಂದರೆ ಮಿದುಳು. ಮೂರನೆಯ ತುಂಡಾದ ‘ಗ್ರಾಫ್’ ಎಂಬುದಕ್ಕೆ ಬರೆಯುವುದು ಎಂದರ್ಥ. ಅದಕ್ಕೂ ಮೊದಲು ಗೀರುವುದು ಎಂದರ್ಥ. ಸಂಸ್ಕೃತದ ‘ಲಿಖ್’ ಧಾತುವಿಗೂ ಮೂಲದಲ್ಲಿ ಗೀರುವ ಅರ್ಥವೇ ಇತ್ತು. ಕನ್ನಡದ ‘ಬರೆ’ ಎಂಬ ಮಾತಂತೂ ಇಂದಿಗೂ ಪತ್ರಕ್ಕೂ ಚಿತ್ರಕ್ಕೂ ಒಂದೇ ಆಗಿ ಸಲ್ಲುತ್ತದೆ. ಹೀಗೆ ಮೂರು ನಾಮಭಾಗಗಳು ಸೇರಿ ‘ಮಿದುಳಿನ ವಿದ್ಯುತ್ತನ್ನು ಗೆರೆಯಾಗಿ ಬರೆಯುವುದು’ ಎಂಬ ಅರ್ಥ ಬಂತು. ಆಸ್ಪತ್ರೆಗಳಲ್ಲಿ ಜನ ‘ಇ. ಇ. ಜಿ.’ ಎಂದು ಮೂರಕ್ಷರದಲ್ಲಿ ಮುಗಿಸುವುದು ಇದರ ಹೆಸರನ್ನೇ.

ಇನ್ನುಳಿದದ್ದು ಬಾಲ. ಬಾಲದಲ್ಲಿ ಮೂರು ಗಂಟುಗಳಿವೆ. ‘ಇಕ್’ ಎಂಬುದು ಗ್ರೀಕ್ ಮೂಲದ ಪ್ರತ್ಯಯ. ನಮ್ಮ ‘ವೈಜ್ಞಾನಿಕ’, ‘ಸಾಮಾಜಿಕ’ಗಳಲ್ಲಿ ಬರುವ ‘ಇಕ’ದ ಕೆಲಸವನ್ನೇ ಮಾಡುತ್ತದೆ. ‘ಅಲ್’ ಲ್ಯಾಟಿನ್ನಿನಿಂದ ಬಂದ ಮತ್ತೊಂದು ವಿಶೇಷಣ ಪ್ರತ್ಯಯ. ಒಂದು ವಿಶೇಷಣ ಪ್ರತ್ಯಯ ಇರುವಾಗ ಇನ್ನೊಂದು ಏಕೆ ಎಂದು ಕೇಳಬಹುದು. ‘ಇಕ್’ನಿಂದ ಕೊನೆಗೊಳ್ಳುವ ವಿಶೇಷಣವನ್ನು ಕ್ರಿಯಾವಿಶೇಷಣ ಮಾಡುವಾಗ ಇಂಗ್ಲಿಷ್ ಬಹುಮಟ್ಟಿಗೆ ಈ ‘ಅಲ್’ ಅನ್ನು ನಡುವೆ ಇರಿಸಿಕೊಳ್ಳುತ್ತದೆ. ‘ಬೇಸಿಕ್’ ಇದೆ, ‘ಬೇಸಿಕಲಿ’ ಇದೆ. ನಡುವಿನ ‘ಬೇಸಿಕಲ್’ ಬಳಕೆಯಲ್ಲಿಲ್ಲ. ‘ಪಬ್ಲಿಕ್’ ಎಂಬುದು ಮಾತ್ರ ಈ ಮಧ್ಯವರ್ತಿಯಿಲ್ಲದೆ ‘ಪಬ್ಲಿಕ್‌ಲಿ’ ಆಗಿ ಉಳಿದಿದೆ.

ಕೊನೆಯ ಗಂಟು ‘ಲಿ’. ಇಷ್ಟುದ್ದದ ಪದದಲ್ಲಿ ಇಂಗ್ಲಿಷಿನ ಸ್ವಂತ ಮಣ್ಣಿನದು ಇದೊಂದೇ. ಹಳೆಯ ಇಂಗ್ಲಿಷಿನಲ್ಲಿ ‘ಲಿಚ್’ ಎಂದರೆ ದೇಹ, ಆಕಾರ. ‘ಹಾಗೆ, ಅದರಂತೆ’ ಎಂಬ ಅರ್ಥದ ‘ಲೈಕ್’ ಎಂಬುದು ಇದರ ಬಳಗದ್ದೇ. ಇಂಗ್ಲೆಂಡಿನ ಹಳೆಯ ಚರ್ಚುಗಳ ಹೊರಬಾಗಿಲಲ್ಲಿ ಶವಪೆಟ್ಟಿಗೆಯನ್ನು ಕ್ಷಣಕಾಲ ಇಳಿಸುವ ಮಾಡುಳ್ಳ ದ್ವಾರಕ್ಕೆ ‘ಲಿಚ್‌ಗೇಟ್’ ಎನ್ನುತ್ತಾರೆ. ದೇಹವೆಂಬ ಆ ಹಳೆಯ ಅರ್ಥ ಅಲ್ಲಿ ಶವವಾಗಿ ಉಳಿದಿದೆ. ಫ್ರೆಂಚರು ಕ್ರಿಯಾವಿಶೇಷಣಕ್ಕೆ ಹಚ್ಚುವ ಪ್ರತ್ಯಯವಾದರೋ ಮನಸ್ಸು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಕನ್ನಡದ ನಾವು ‘ಸುಂದರವಾಗಿ’, ‘ವೈಜ್ಞಾನಿಕವಾಗಿ’ ಎನ್ನುತ್ತೇವೆ. ನಮ್ಮ ‘ಆಗಿ’ ಎಂಬುದು ‘ಆಗು’ ಧಾತುವಿನ ರೂಪ. ಒಂದು ಕೆಲಸ ನಡೆದ ಬಗೆಯನ್ನು ಹೇಳಬೇಕಾದಾಗ ಇಂಗ್ಲಿಷ್ ದೇಹವನ್ನು ನೆನೆಯಿತು, ಫ್ರೆಂಚ್ ಮನಸ್ಸನ್ನು ನೆನೆಯಿತು, ಕನ್ನಡ ಆಗುವಿಕೆಯನ್ನು ನೆನೆಯಿತು. ಆಡುವವರಿಗೆ ಇದಾವುದೂ ಇಂದು ನೆನಪಿಲ್ಲ. ಪ್ರತ್ಯಯಕ್ಕೆ ಮಾತ್ರ ನೆನಪಿದೆ.

ಬಿಡಿಸಿದ್ದಾಯಿತು. ಇನ್ನು ಜೋಡಿಸಿದ ಬಗೆ. ಸಂಧಿಯನ್ನು ಬಲ್ಲ ಕನ್ನಡಿಗರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಗ್ರೀಕ್ ಮೂಲದ ಸಮಾಸಗಳಲ್ಲಿ ಎರಡು ಭಾಗಗಳ ನಡುವೆ ‘ಒ’ಕಾರವೊಂದು ಬೆಸುಗೆಯಂತೆ ಕೂರುತ್ತದೆ. ಮುಂದಿನ ಭಾಗ ವ್ಯಂಜನದಿಂದ ಮೊದಲಾದರೆ ಅದು ಉಳಿಯುತ್ತದೆ. ಸ್ವರದಿಂದ ಮೊದಲಾದರೆ ಹಳೆಯ ನಿಯಮದಂತೆ ಬಿದ್ದುಹೋಗಬೇಕು. ‘ಸೆಫಲೋ’ ಮತ್ತು ‘ಗ್ರಾಫ್’ ಸೇರುವಲ್ಲಿ ‘ಗ’ಕಾರ ಎದುರಿಗಿರುವುದರಿಂದ ‘ಒ’ ಉಳಿಯಿತು. ‘ಎಲೆಕ್ಟ್ರೋ’ ಮತ್ತು ‘ಎನ್’ ಸೇರುವಲ್ಲಿ ಎದುರಿಗಿರುವುದು ಸ್ವರ. ಅಲ್ಲಿ ನಿಯಮದಂತೆ ‘ಎಲೆಕ್ಟ್ರೆನ್’ ಎಂದಾಗಬೇಕಿತ್ತು.

ಹಾಗೆ ಮಾಡಿದವರೊಬ್ಬರು ಇದ್ದರು. ಅವರು ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲು ಬರೆಯಿಸಿದ ಹಾನ್ಸ್ ಬರ್ಗರ್. ಜರ್ಮನಿಯ ಯೇನಾ ನಗರದ ಮನೋವೈದ್ಯರು. ೧೯೨೪ರಲ್ಲಿ ಮೊದಲ ದಾಖಲೆಯನ್ನು ಪಡೆದು, ಐದು ವರ್ಷ ಅದನ್ನು ಮತ್ತೆ ಮತ್ತೆ ಪರೀಕ್ಷಿಸಿ, ೧೯೨೯ರಲ್ಲಿ ಪ್ರಕಟಿಸಿದರು. ಅವರ ಲೇಖನದ ಶಿರೋನಾಮೆಯಲ್ಲಿರುವ ಜರ್ಮನ್ ಪದ ‘ಎಲೆಕ್ಟ್ರೆನ್‌ಕೆಫಲೋಗ್ರಾಮ್’. ಅದು ಶುದ್ಧವಾದ ಲೋಪಸಂಧಿ. ಆದರೆ ಇಂಗ್ಲಿಷ್ ಆ ಲೋಪವನ್ನು ಒಪ್ಪಲಿಲ್ಲ. ‘ಎಲೆಕ್ಟ್ರೋ’ ಎಂಬುದು ಆ ವೇಳೆಗೆ ಎಷ್ಟೋ ಪದಗಳ ಮುಖವಾಗಿ ಬಳಕೆಗೆ ಬಂದುಬಿಟ್ಟಿತ್ತು. ಅದರ ರೂಪ ಕೆಡದಂತೆ ಎರಡು ಸ್ವರಗಳನ್ನೂ ಒತ್ತೊತ್ತಿಗೆ ಇರಿಸಿಕೊಂಡಿತು. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಪ್ರಕೃತಿಭಾವವೆಂದು ಹೆಸರು. ಇನ್ನು ನಮ್ಮವರ ಬಾಯಲ್ಲಿ ಇದೇ ಪದ ‘ಎಲೆಕ್ಟ್ರೋವೆನ್‌ಸೆಫಲೋ’ ಎಂದು ಹೊರಬರುವುದನ್ನು ನೀವು ಕೇಳಿರಬಹುದು. ‘ಗೋ’ ಎಂಬುದಕ್ಕೆ ‘ಅನ್ನು’ ಸೇರಿ ‘ಗೋವನ್ನು’ ಆಗುವಂತೆ ಇಲ್ಲಿಯೂ ವಕಾರ ತಾನಾಗಿ ಬಂದು ಕೂಡಿಕೊಳ್ಳುತ್ತದೆ. ಜರ್ಮನ್ ವೈದ್ಯರಲ್ಲಿ ಲೋಪ, ಇಂಗ್ಲಿಷರಲ್ಲಿ ಪ್ರಕೃತಿಭಾವ, ಕನ್ನಡಿಗರಲ್ಲಿ ಆಗಮ: ಒಂದೇ ಸಂದಿನಲ್ಲಿ ಮೂರು ಭಾಷೆಗಳ ಸ್ವಭಾವ ಕಾಣುತ್ತದೆ.

ಬರ್ಗರರ ಹೆಸರಿಡುವ ನಿಷ್ಠೆಯ ಇನ್ನೊಂದು ಸಂಗತಿಯನ್ನು ಹೇಳಬೇಕು. ಅವರಿಗಿಂತ ಮೊದಲೇ ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ತನ್ನು ಕಂಡವರಿದ್ದರು. ಲಿವರ್‌ಪೂಲಿನ ರಿಚರ್ಡ್ ಕೇಟನ್ ೧೮೭೫ರಲ್ಲಿಯೇ ಮೊಲ ಮತ್ತು ಕೋತಿಗಳಲ್ಲಿ ಅದನ್ನು ಗುರುತಿಸಿದ್ದರು. ನಾಯಿಯ ಮಿದುಳಿನ ದಾಖಲೆಯನ್ನು ಪಡೆದ ಪ್ರಾವ್ದಿಚ್-ನೆಮಿನ್‌ಸ್ಕಿ ಅದಕ್ಕೆ ‘ಎಲೆಕ್ಟ್ರೋಸೆರೆಬ್ರೋಗ್ರಾಮ್’ ಎಂದು ಹೆಸರಿಟ್ಟಿದ್ದರು. ಬರ್ಗರರು ಆ ಹೆಸರನ್ನು ಒಪ್ಪಲಿಲ್ಲ. ಕಾರಣ, ಅದರ ಎರಡು ತುದಿ ಗ್ರೀಕ್, ನಡುವೆ ಮಿದುಳಿಗೆ ಬಂದ ಪದ ಲ್ಯಾಟಿನ್. ಅದೊಂದು ಕಲಬೆರಕೆ ಸಮಾಸವೆಂದು ಅವರಿಗೆ ತೋರಿತು.

ಈ ಆಕ್ಷೇಪ ನಮಗೆ ಎಷ್ಟು ಪರಿಚಿತ! ಸಂಸ್ಕೃತ, ಕನ್ನಡಗಳನ್ನು ಒಂದೇ ಸಮಾಸದಲ್ಲಿ ಬೆರೆಸಿದರೆ ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂಬ ಭಾವದ ಮಾತು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿದೆ. ಹದಿಮೂರನೆಯ ಶತಮಾನದ ಕೇಶಿರಾಜ ಇಂಥದನ್ನು ಅರಿಸಮಾಸ, ಅಂದರೆ ಶತ್ರುಸಮಾಸ ಎಂದು ಕರೆದ. ಬಿರುದುಗಳಲ್ಲಿ ಬಂದಿರುವುದನ್ನು ಮಾತ್ರ ಒಪ್ಪಿಕೊಂಡ. ಯೇನಾದ ವೈದ್ಯರು ಕೇಶಿರಾಜನ ಹೆಸರನ್ನು ಕೇಳಿದ್ದರೆಂದು ಊಹಿಸಲು ಎಡೆಯಿಲ್ಲ. ಆದರೂ ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದೂರ ಅಲ್ಲದಿದ್ದರೂ ಹಲವು ನೂರು ವರ್ಷಗಳ ಅಂತರದಲ್ಲಿ ಇಬ್ಬರ ಕಿವಿಗೂ ಒಂದೇ ಬಗೆಯ ಅಪಸ್ವರ ತಾಗಿತು. ಬರ್ಗರರು ಕಾಪಾಡಿದ ಆ ಶುದ್ಧಿ ಮಾತ್ರ ಹೆಚ್ಚು ದಿನ ಬಾಳಲಿಲ್ಲ. ಗ್ರೀಕ್ ದೇಹಕ್ಕೆ ಲ್ಯಾಟಿನ್ನಿನ ‘ಅಲ್’, ಅದಕ್ಕೆ ಇಂಗ್ಲಿಷಿನ ‘ಲಿ’ ಸೇರಿ ನಮ್ಮ ಇಂದಿನ ಕ್ರಿಯಾವಿಶೇಷಣ ಮೂರು ಭಾಷೆಗಳ ಅರಿಸಮಾಸವಾಗಿಯೇ ಬಳಕೆಗೆ ಬಂತು. ‘ರೈಲು ನಿಲ್ದಾಣ’ಕ್ಕೆ ದಿನವೂ ಹೋಗಿಬರುವ ನಾವು ಅದನ್ನು ದೂರುವಂತಿಲ್ಲ.

ಈಗ ಪದವನ್ನು ಕಿವಿಯಿಂದ ನೋಡೋಣ. ಒಂದು ಸ್ವರವನ್ನು ನಡುವಿಟ್ಟುಕೊಂಡು ಒಮ್ಮೆಗೆ ಉಚ್ಚರಿಸುವ ಘಟಕವನ್ನು ಭಾಷಾವಿಜ್ಞಾನಿಗಳು ಉಚ್ಚಾರಾಂಶ ಎನ್ನುತ್ತಾರೆ. ನಮ್ಮ ಛಂದಸ್ಸಿನ ‘ಅಕ್ಷರ’ ಹೆಚ್ಚುಕಡಿಮೆ ಅದೇ. ಎ, ಲೆಕ್, ಟ್ರೋ, ಎನ್, ಸೆ, ಫ, ಲೋ, ಗ್ರಾ, ಫಿ, ಕ, ಲಿ: ಎಣಿಸಿದರೆ ಹನ್ನೊಂದು. ಆದರೆ ಇಂಗ್ಲಿಷರು ಇದನ್ನು ಸಹಜವಾಗಿ ನುಡಿಯುವಾಗ ಕೊನೆಯ ‘ಫಿಕಲಿ’ ಎಂಬುದು ‘ಫಿಕ್ಲಿ’ ಆಗಿ ಕುಗ್ಗುತ್ತದೆ. ಆಗ ಉಳಿಯುವುದು ಹತ್ತು. ಬರಹದಲ್ಲಿ ನಿಂತ ‘ಅಲ್’ ಬಾಯಲ್ಲಿ ನಿಲ್ಲುವುದಿಲ್ಲ.

ಕನ್ನಡದಲ್ಲಿ ಬರೆದ ಇದೇ ಪದಕ್ಕೆ ಪ್ರಸ್ತಾರ ಹಾಕಿ ನೋಡಿದೆ. ಲಘು, ಗುರು, ಗುರು, ಗುರು, ಲಘು, ಲಘು, ಗುರು, ಗುರು, ಲಘು, ಮತ್ತೆರಡು ಲಘು. ಅಂದರೆ ಒಂದು ಯಗಣ, ಒಂದು ಭಗಣ, ಒಂದು ತಗಣ, ಮೇಲೆರಡು ಲಘು. ಮಾತ್ರೆಗಳನ್ನು ಕೂಡಿಸಿದರೆ ಹದಿನಾರು. ‘ಫಿಕಲಿ’ ಎಂದರೂ ಮೂರು ಮಾತ್ರೆ, ‘ಫಿಕ್ಲಿ’ ಎಂದರೂ ಮೂರು ಮಾತ್ರೆ. ಒತ್ತಕ್ಷರದ ಹಿಂದಿನ ಲಘು ಗುರುವಾಗುವುದರಿಂದ ಮೊತ್ತ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಉಚ್ಚಾರಾಂಶ ಕಳೆದುಹೋಯಿತು. ನಮ್ಮ ಲೆಕ್ಕದಲ್ಲಿ ಕಾಲವೇನೂ ಕಳೆಯಲಿಲ್ಲ.

ಆದರೆ ಇಂಗ್ಲಿಷಿನ ಕಿವಿ ಮಾತ್ರೆಗಳನ್ನು ಎಣಿಸುವುದಿಲ್ಲ, ಒತ್ತನ್ನು ಎಣಿಸುತ್ತದೆ. ಒತ್ತು ಎಂದಾಗ ನಮ್ಮ ಒತ್ತಕ್ಷರದ ಒತ್ತಲ್ಲ, ಉಸಿರಿನ ಒತ್ತು. ಪಂಡಿತರು ಸ್ವರಾಘಾತ ಎನ್ನುವಂಥದು. ಕನ್ನಡದಲ್ಲಿ ನಾವು ಅಕ್ಷರ ಅಕ್ಷರಕ್ಕೂ ಅದರದರ ಪಾಲಿನ ಕಾಲವನ್ನು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಉಚ್ಚಾರಾಂಶ ಎದೆಯುಬ್ಬಿಸಿ ನಿಲ್ಲುತ್ತದೆ. ಉಳಿದವು ಬಣ್ಣಗೆಟ್ಟು, ಅರೆಬರೆ ‘ಅ’ಕಾರದಂತಾಗಿ, ಎರಡು ಒತ್ತುಗಳ ನಡುವಿನ ಇಕ್ಕಟ್ಟಿನಲ್ಲಿ ಹೇಗೋ ನುಸುಳಿಹೋಗುತ್ತವೆ. ನಮ್ಮ ಪದದಲ್ಲಿ ಒತ್ತು ಬೀಳುವುದು ಮೂರು ಕಡೆ: ‘ಲೆಕ್’, ‘ಸೆಫ್’, ‘ಗ್ರ್ಯಾಫ್’. ಮೊದಲೆರಡು ಉಪ ಒತ್ತುಗಳು, ಮೂರನೆಯದು ಪ್ರಧಾನ. ಕೈಯಲ್ಲಿ ತಾಳ ಹಿಡಿದು ನೋಡಿ. ಮೊದಲಿನ ‘ಎ’ ತಾಳ ಬೀಳುವುದಕ್ಕೆ ಮುಂಚೆ ಎತ್ತಿಕೊಂಡ ದನಿ. ಆಮೇಲೆ ಲೆಕ್-ಟ್ರೋ-ಎನ್, ಸೆ-ಫ-ಲೋ, ಗ್ರ್ಯಾ-ಫಿಕ್-ಲಿ. ತಕಿಟ, ತಕಿಟ, ತಕಿಟ. ಎಂಥ ಅಚ್ಚುಕಟ್ಟಾದ ಮೂರರ ನಡೆ! ನೋಡುವುದಕ್ಕೆ ಬಂಡೆಯಂತಿರುವ ಈ ಪದ ಬಾಯಲ್ಲಿ ಕುದುರೆಯ ಹೆಜ್ಜೆ ಹಾಕುತ್ತದೆ. ೧೯೨೬ರಲ್ಲಿ ಪುಸ್ತಕರೂಪದಲ್ಲಿ ಬಂದ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಒತ್ತಿನ ಲಯವನ್ನು ಮಾತ್ರಾಗಣಗಳ ಲಯಕ್ಕೆ ತಿರುಗಿಸುವ ಇಂಥ ಸಾಹಸವನ್ನೇ ಕಾವ್ಯದಲ್ಲಿ ಮಾಡಿ ತೋರಿಸಿದರು.

ಪ್ರಧಾನವಾದ ಒತ್ತು ‘ಗ್ರ್ಯಾಫ್’ ಮೇಲೆಯೇ ಏಕೆ? ಅದನ್ನು ಅಲ್ಲಿ ಕೂರಿಸಿದ್ದು ಬಾಲದಲ್ಲಿರುವ ‘ಇಕ್’. ಈ ಪ್ರತ್ಯಯಕ್ಕೆ ಒಂದು ಗುಣವಿದೆ: ತನ್ನ ಹಿಂದಿನ ಉಚ್ಚಾರಾಂಶದ ಮೇಲೆಯೇ ಒತ್ತು ಬೀಳುವಂತೆ ಮಾಡುತ್ತದೆ. ‘ಆಟಮ್’ ಎಂಬಲ್ಲಿ ಒತ್ತು ಮೊದಲಿಗಿದೆ; ‘ಅಟಾಮಿಕ್’ ಎಂದೊಡನೆ ‘ಟಾ’ ಮೇಲೆ ಬರುತ್ತದೆ. ‘ಅರಿತ್‌ಮೆಟಿಕ್’, ‘ಅರಾಬಿಕ್’ಗಳಂಥ ಕೆಲವು ಮಾತ್ರ ಈ ಆಜ್ಞೆಗೆ ಮಣಿಯದೆ ಉಳಿದಿವೆ. ಮುಂದೆ ಬರುವ ‘ಅಲ್’ ಆಗಲಿ ‘ಲಿ’ ಆಗಲಿ ಈ ಒತ್ತನ್ನು ಕದಲಿಸುವುದಿಲ್ಲ. ಆದ್ದರಿಂದ ಇಂಥ ಪದವನ್ನು ಓದುವವರು ಕಣ್ಣನ್ನು ಮೊದಲು ಕೊನೆಗೆ ಹಾಯಿಸಬೇಕು. ಬಾಲವನ್ನು ಕಂಡರೆ ಒತ್ತಿನ ಜಾಗ ತಿಳಿಯುತ್ತದೆ. ಒತ್ತು ತಿಳಿದರೆ ಮಿಕ್ಕ ಅಕ್ಷರಗಳು ತಾವಾಗಿ ಸಾಲುಗೊಳ್ಳುತ್ತವೆ.

ಇದೇ ಕುಟುಂಬದ ಮೂರು ಪದಗಳನ್ನು ಅಕ್ಕಪಕ್ಕ ಇಟ್ಟರೆ ಒತ್ತು ನಡೆದು ಹೋಗುವುದು ಕೇಳಿಸುತ್ತದೆ. ದಾಖಲೆಯ ಹಾಳೆ ‘ಎನ್‌ಸೆಫಲೋಗ್ರಾಮ್’. ಅಲ್ಲಿ ಒತ್ತು ‘ಸೆಫ್’ ಮೇಲೆ, ಅಂದರೆ ತಲೆಯ ಮೇಲೆ. ದಾಖಲಿಸುವ ವಿದ್ಯೆ ‘ಎನ್‌ಸೆಫಲಾಗ್ರಫಿ’. ಅಲ್ಲಿ ‘ಲಾ’ ಎಂಬ ಬೆಸುಗೆಯ ಮೇಲೆ. ನಮ್ಮ ಕ್ರಿಯಾವಿಶೇಷಣದಲ್ಲಿ ‘ಗ್ರ್ಯಾಫ್’ ಎಂಬ ಬರಹದ ಮೇಲೆ. ಪ್ರತ್ಯಯ ಬದಲಾದಂತೆ ಒತ್ತು ತಲೆಯಿಂದ ಬರಹಕ್ಕೆ ಇಳಿದುಬರುತ್ತದೆ.

ಒತ್ತಿನ ಜಾಗ ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲಿ ಒಂದು ಪುರಾತನ ಕಥೆಯಿದೆ. ತ್ವಷ್ಟೃ ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಯಜ್ಞ ಮಾಡಿದ. ‘ಇಂದ್ರಶತ್ರು’ ಎಂಬ ಮಂತ್ರಪದದ ಉದಾತ್ತಸ್ವರ ಕೊನೆಯಲ್ಲಿದ್ದರೆ ಇಂದ್ರನನ್ನು ಕೊಲ್ಲುವವನು ಎಂದರ್ಥ. ಮೊದಲಲ್ಲಿದ್ದರೆ ಇಂದ್ರನೇ ಯಾರನ್ನು ಕೊಲ್ಲುವನೋ ಅಂಥವನು ಎಂದರ್ಥ. ಸ್ವರ ಮೊದಲಿಗೆ ಬಿತ್ತು. ಹುಟ್ಟಿದ ವೃತ್ರ ಇಂದ್ರನಿಂದಲೇ ಸತ್ತ. ವ್ಯಾಕರಣವನ್ನು ಏಕೆ ಕಲಿಯಬೇಕೆಂಬುದಕ್ಕೆ ಪತಂಜಲಿ ಮಹಾಭಾಷ್ಯದಲ್ಲಿ ಇದನ್ನು ನೆನೆಯುತ್ತಾನೆ. ವೇದದ ಸ್ವರ ದನಿಯ ಏರಿಳಿತ, ಇಂಗ್ಲಿಷಿನದು ಉಸಿರಿನ ಬಲ; ಎರಡೂ ಒಂದೇ ಅಲ್ಲ. ಆದರೂ ಉಚ್ಚಾರಣೆ ಅರ್ಥದ ಹೊರಮೈಯಲ್ಲ, ಅದರ ಒಂದು ಅಂಗವೆಂಬ ತಿಳಿವು ಎರಡಕ್ಕೂ ಸಮಾನ. ನಾವು ನಮ್ಮ ಮಾತ್ರೆಗಳ ಅಭ್ಯಾಸದಿಂದ ಇಂಗ್ಲಿಷ್ ಪದಗಳನ್ನು ಸಮತಟ್ಟಾಗಿ ನುಡಿದರೆ ಯಾರೂ ನಗಬೇಕಾದ್ದಿಲ್ಲ. ಅದು ನಮ್ಮ ನುಡಿಯ ಹದ. ಆದರೆ ಆ ಪದ ತನ್ನ ಮನೆಯಲ್ಲಿ ಹೇಗೆ ನಡೆಯುತ್ತದೆಂದು ತಿಳಿದಿರುವುದು ಒಳ್ಳೆಯದು.

ಇಷ್ಟಾಯಿತು ರೂಪದ ಮಾತು. ಇಷ್ಟು ಉದ್ದದ ಪದ ಮಾಡುವ ಕೆಲಸವೇನು? ಬರ್ಗರರ ದಾಖಲೆಯನ್ನು ಮೊದಮೊದಲು ಬಹಳ ಮಂದಿ ನಂಬಲಿಲ್ಲ. ತಲೆಯ ಚರ್ಮದ ಮೇಲೆ ದೊರೆಯುವ ಈ ವಿದ್ಯುತ್ತು ಸಾಮಾನ್ಯವಾಗಿ ೧೦ರಿಂದ ೧೦೦ ಮೈಕ್ರೋವೋಲ್ಟ್ ಮಾತ್ರ. ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟು ಸಣ್ಣ ಅಲೆ ಮಿದುಳಿನದೋ, ಸ್ನಾಯುವಿನದೋ, ಯಂತ್ರದ್ದೇ ದೋಷವೋ ಎಂದು ಸಂದೇಹ. ೧೯೩೪ರಲ್ಲಿ ಕೇಂಬ್ರಿಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ತಾವೇ ಮಾಡಿ ನೋಡಿ ನಿಜವೆಂದರು. ಕಣ್ಣು ಮುಚ್ಚಿ ಸುಮ್ಮನೆ ಕುಳಿತವನ ಮಿದುಳಿನಲ್ಲಿ ಸೆಕೆಂಡಿಗೆ ಸುಮಾರು ಹತ್ತರಂತೆ ಏಳುವ ಅಲೆ, ಕಣ್ಣು ತೆರೆದೊಡನೆ ತಗ್ಗುತ್ತದೆ. ಮರುವರ್ಷವೇ ಅಮೆರಿಕದ ಬಾಸ್ಟನ್ನಿನಲ್ಲಿ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ಒಂದು ಬಗೆಯ ಅಪಸ್ಮಾರದಲ್ಲಿ ಸೆಕೆಂಡಿಗೆ ಮೂರರಂತೆ ಏಳುವ ವಿಶಿಷ್ಟವಾದ ಅಲೆಗಳನ್ನು ತೋರಿಸಿದರು. ಓದುತ್ತಿದ್ದ ಮಗು ಕೆಲವು ಕ್ಷಣ ಕಣ್ಣು ನೆಟ್ಟು ಸ್ತಬ್ಧವಾಗಿ, ಮತ್ತೆ ಏನೂ ಆಗದಂತೆ ಓದು ಮುಂದುವರಿಸುವ ರೋಗವದು. ಮೇಷ್ಟ್ರು ಅದನ್ನು ಅನ್ಯಮನಸ್ಕತೆ ಎಂದು ಗದರಿಸಿಯಾರು; ಮನೆಯವರು ಗಾಳಿ ಸೋಂಕಿತೆಂದು ತಾಯಿತ ಕಟ್ಟಿಸಿಯಾರು. ಹಾಳೆಯ ಮೇಲಿನ ಗೆರೆ ಮಾತ್ರ ಆ ಮಗುವಿನ ಪರವಾಗಿ ಸಾಕ್ಷಿ ನುಡಿಯುತ್ತದೆ.

ಹೀಗೆ ಈ ಕ್ರಿಯಾವಿಶೇಷಣ ಹೇಳುವುದು ರೋಗವನ್ನಲ್ಲ, ತಿಳಿದ ದಾರಿಯನ್ನು. ನಮ್ಮ ತಾರ್ಕಿಕರ ಭಾಷೆಯಲ್ಲಿ ಹೇಳುವುದಾದರೆ ಅದು ಪ್ರಮಾಣವಾಚಕ. ಪ್ರತ್ಯಕ್ಷದಿಂದ ತಿಳಿದದ್ದೋ, ಅನುಮಾನದಿಂದಲೋ, ಶಬ್ದದಿಂದಲೋ ಎಂದು ಅವರು ಕೇಳುತ್ತಿದ್ದರು. ಈ ಪದ ‘ಮಿದುಳಿನ ವಿದ್ಯುತ್ತಿನ ಗೆರೆಯನ್ನು ನೋಡಿ ತಿಳಿದದ್ದು’ ಎಂದು ಉತ್ತರ ಕೊಡುತ್ತದೆ. ದಾರಿಯನ್ನು ಹೇಳುವುದರ ಜೊತೆಗೇ ಅದು ಎಲ್ಲೆಯನ್ನೂ ಹೇಳುತ್ತದೆ.

ಆ ಎಲ್ಲೆಯ ಬೆಲೆ ನನಗೆ ಮನವರಿಕೆಯಾದದ್ದು ನಮ್ಮ ಬೀದಿಯ ತಾಯಿಯೊಬ್ಬರಿಂದ. ಅವರ ಮಗ ಎರಡು ಸಲ ಸೆಳೆತ ಬಂದು ಬಿದ್ದಿದ್ದ. ವೈದ್ಯರು ಪರೀಕ್ಷೆ ಮಾಡಿಸಿ ಮಾತ್ರೆ ಬರೆದುಕೊಟ್ಟಿದ್ದರು. ಆಕೆ ವರದಿಯನ್ನು ನನ್ನ ಮುಂದಿಟ್ಟು, ಅದರಲ್ಲಿದ್ದ ಅತಿ ಉದ್ದದ ಪದದ ಮೇಲೆ ಬೆರಳಿಟ್ಟು, “ಮೇಷ್ಟ್ರೇ, ನನ್ನ ಮಗನ ಕಾಯಿಲೆ ಇದೇ ಏನು? ಇಷ್ಟು ದೊಡ್ಡದೇ?” ಎಂದರು. ಆ ಪದ ಇದೇ. ಅದರ ಪಕ್ಕದಲ್ಲಿದ್ದ ಸಣ್ಣ ಪದವನ್ನು ಅವರು ಗಮನಿಸಿರಲಿಲ್ಲ, ಅದು ‘ನಾರ್ಮಲ್’. “ಇದು ಕಾಯಿಲೆಯ ಹೆಸರಲ್ಲಮ್ಮ. ಮಿದುಳಿನ ಗೆರೆಗಳನ್ನು ನೋಡಿದ ಮಟ್ಟಿಗೆ ದೋಷ ಕಾಣಲಿಲ್ಲ ಎಂದು ಬರೆದಿದ್ದಾರೆ” ಎಂದೆ. ಮುಖ ಗೆಲುವಾಯಿತು. ಮರುಕ್ಷಣವೇ, “ದೋಷವಿಲ್ಲದ ಮೇಲೆ ಮಾತ್ರೆ ಏಕೆ? ನಿಲ್ಲಿಸಿಬಿಡಲೇ?” ಎಂದು ಕೇಳಿದರು.

ಆಕೆ ಕೇಳಿದ್ದು ತರ್ಕಬದ್ಧವಾದ ಪ್ರಶ್ನೆ. ಉತ್ತರವೂ ಆ ಉದ್ದದ ಪದದಲ್ಲಿಯೇ ಇತ್ತು. ವರದಿ ಬರಿದೆ ‘ನಾರ್ಮಲ್’ ಎಂದಿರಲಿಲ್ಲ. ಗೆರೆಗಳಿಂದ ತಿಳಿಯುವ ಮಟ್ಟಿಗೆ ‘ನಾರ್ಮಲ್’ ಎಂದಿತ್ತು. ಈ ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಅರ್ಧ ಗಂಟೆಯಷ್ಟು ಹೊತ್ತು. ಎರಡು ಸೆಳೆತಗಳ ನಡುವಿನ ಶಾಂತ ಕಾಲದಲ್ಲಿ ಅಪಸ್ಮಾರ ಇರುವವರ ಗೆರೆಯೂ ದೋಷವಿಲ್ಲದೆ ಕಾಣಬಹುದು. ಕೆರೆಯ ನೀರು ಈ ಗಳಿಗೆಯಲ್ಲಿ ಅಲುಗದಿದ್ದರೆ ಅದರಲ್ಲಿ ಮೀನೇ ಇಲ್ಲ ಎನ್ನಲಾದೀತೇ? “ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನೇ ಕೇಳಿ” ಎಂದು ಕಳಿಸಿದೆ. ವೈದ್ಯರೂ ಅದನ್ನೇ ಹೇಳಿದರಂತೆ. ಕ್ರಿಯಾವಿಶೇಷಣವೊಂದನ್ನು ಓದದೆ ಬಿಟ್ಟಿದ್ದರೆ ಆ ಹುಡುಗನ ಔಷಧಿ ಅಂದೇ ನಿಲ್ಲುತ್ತಿತ್ತು.

ಕನ್ನಡದಲ್ಲಿ ಇದನ್ನು ಹೇಗೆ ಹೇಳಬೇಕು? ಸಂಸ್ಕೃತದ ಬಲದಿಂದ ‘ವಿದ್ಯುನ್ಮಸ್ತಿಷ್ಕಲೇಖನಾತ್ಮಕವಾಗಿ’ ಎಂದು ಕಟ್ಟಬಹುದು. ಎಣಿಸಿ ನೋಡಿ, ಹನ್ನೆರಡು ಅಕ್ಷರ. ಇಂಗ್ಲಿಷಿಗಿಂತ ಒಂದು ಹೆಚ್ಚು. ಆ ತಾಯಿ ಅದರ ಮೇಲೆಯೂ ಬೆರಳಿಟ್ಟು ಇದೇ ಪ್ರಶ್ನೆಯನ್ನು ಕೇಳುತ್ತಿದ್ದರು. ‘ಮಿದುಳಿನ ಮಿಂಚುಬರಹದಲ್ಲಿ ಕಂಡಂತೆ’ ಎಂದರೆ? ಪದ ಒಂದರ ಬದಲು ಮೂರಾಯಿತು, ಆದರೆ ಅರಿಸಮಾಸವಿಲ್ಲ, ಉಸಿರುಗಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಪದದ ಪ್ರಮಾಣವೂ ಎಲ್ಲೆಯೂ ‘ಕಂಡಂತೆ’ ಎಂಬ ಒಂದು ಮಾತಿನಲ್ಲಿ ಬಂದುಬಿಟ್ಟವು. ನಮ್ಮ ನುಡಿಗೆ ಈ ಎಚ್ಚರ ಹೊಸದಲ್ಲ. ‘ಮಳೆ ಬಂತು’ ಎಂಬುದಕ್ಕೂ ‘ಮಳೆ ಬಂತಂತೆ’ ಎಂಬುದಕ್ಕೂ ಇರುವ ಅಂತರವನ್ನು ಮಾತು ಕಲಿಯುವ ಮಗುವೂ ಅರಿಯುತ್ತದೆ. ಕಣ್ಣಾರೆ ಕಂಡದ್ದು ಯಾವುದು, ಕೇಳಿ ತಿಳಿದದ್ದು ಯಾವುದು ಎಂಬುದನ್ನು ನಾವು ಒಂದು ‘ಅಂತೆ’ಯಲ್ಲಿ ಬೇರೆ ಮಾಡುತ್ತೇವೆ. ವಿಜ್ಞಾನ ೨೭ ಅಕ್ಷರಗಳಲ್ಲಿ ಕಾಪಾಡುವ ಪ್ರಾಮಾಣಿಕತೆ ಅದೇ ಜಾತಿಯದು.

ಶಾಸ್ತ್ರದ ಪದಗಳು ಉದ್ದವಾಗಿರುವುದು ಹೆದರಿಸುವುದಕ್ಕಲ್ಲ. ಹೇಳಿದ್ದಕ್ಕಿಂತ ಹೆಚ್ಚನ್ನು ಯಾರೂ ಕೇಳಿಸಿಕೊಳ್ಳದಿರಲಿ ಎಂಬುದಕ್ಕಾಗಿ ಅವು ಉದ್ದವಾಗಿವೆ. ಮುಂದೆ ಅಂಥದೊಂದು ಎದುರಾದಾಗ ಗಂಟುಗಳಲ್ಲಿ ಬಿಡಿಸಿ, ಬಾಲವನ್ನು ನೋಡಿ ಒತ್ತನ್ನು ಹುಡುಕಿ, ಪಕ್ಕದಲ್ಲಿರುವ ಸಣ್ಣ ಪದವನ್ನು ಮರೆಯದೆ ಓದಿ.